ದೆವ್ವಗಳು ಕುಣಿದದ್ದು ನಮ್ಮ ಮೃದಂಗಕ್ಕೆ

ಕಳೆದ ಡಿಸೆಂಬರಿನಲ್ಲಿ, ಮೊಣಕಾಲುದ್ದ ಹಿಮ ಬಿದ್ದು ಶಾಲೆಗೆ ರಜೆ ಕೊಟ್ಟ ಒಂದು ದಿನ, ನಮ್ಮ ಮನೆಯಲ್ಲಿ ಮೂರು ತಲೆಮಾರು ಒಟ್ಟಿಗೆ ಕೂತು 1969ರ ಒಂದು ಬಂಗಾಳಿ ಸಿನಿಮಾ ನೋಡಿದೆವು. ಊರಿನಿಂದ ಬಂದಿದ್ದ ಅಮ್ಮ, ನಾನು, ಎಂಟು ವರ್ಷದ ಮಗಳು. ಮೂವರಲ್ಲಿ ಒಬ್ಬರಿಗೂ ಬಂಗಾಳಿ ಬರುವುದಿಲ್ಲ. ಅಮ್ಮ ಇಂಗ್ಲಿಷ್ ಸಬ್‌ಟೈಟಲ್ ಓದಿ ಮುಗಿಸುವಷ್ಟರಲ್ಲಿ ಅದು ಹೋಗಿಬಿಟ್ಟಿರುತ್ತದೆ. ಮಗಳಿಗೆ ಓದೋದೇ ಬೇಜಾರು. ಹಾಗಾಗಿ ನಡುನಡುವೆ ನಾನೇ ಕನ್ನಡದಲ್ಲಿ ಹೇಳುತ್ತಾ ಹೋದೆ. ಮೊದಲ ಅರ್ಧ ಗಂಟೆ ಇಬ್ಬರೂ ಹೇಗೋ ಸಹಿಸಿಕೊಂಡರು. ಆಮೇಲೆ ದೆವ್ವಗಳು ಬಂದವು. ಅಲ್ಲಿಂದ ಆರೂವರೆ ನಿಮಿಷ ನಾನು ಬಾಯಿ ಬಿಡಬೇಕಾಗಲಿಲ್ಲ, ಯಾಕೆಂದರೆ ತೆರೆಯ ಮೇಲೆ ಯಾರೂ ಮಾತೇ ಆಡುವುದಿಲ್ಲ. ಅಮ್ಮ ಮಾತ್ರ ಸೋಫಾದ ಕೈ ಮೇಲೆ ಬೆರಳಲ್ಲಿ ತಾಳ ಹಾಕುತ್ತಾ, "ಇದು ಮೃದಂಗ ಕಣೇ" ಅಂದರು.

ಹೌದು, ಮೃದಂಗವೇ. ಬಂಗಾಳದ ಬಿದಿರು ಕಾಡಿನಲ್ಲಿ, ಬಂಗಾಳಿ ದೆವ್ವಗಳು, ಬಂಗಾಳಿ ನಿರ್ದೇಶಕನ ಸಿನಿಮಾದಲ್ಲಿ, ಕರ್ನಾಟಕ ಸಂಗೀತದ ತಾಳವಾದ್ಯಗಳಿಗೆ ಕುಣಿಯುತ್ತವೆ. ಇದು ಹೇಗಾಯಿತು ಅನ್ನುವುದನ್ನು ಹೇಳುವುದಕ್ಕೇ ಈ ಸಲದ ಬರಹ.

ಸಿನಿಮಾದ ಹೆಸರು 'ಗೂಪಿ ಗಾಯೆನ್ ಬಾಘಾ ಬಾಯೆನ್'. ಹಾಡುವ ಗೂಪಿ, ಬಾರಿಸುವ ಬಾಘಾ ಅಂತ ಅರ್ಥ. ನಿರ್ದೇಶಕ ಸತ್ಯಜಿತ್ ರಾಯ್. ನಿಮ್ಮಲ್ಲಿ ಕೆಲವರು ಕಾಲೇಜಿನ ಸಿನಿಮಾ ಕ್ಲಾಸಿನಲ್ಲಿ ಅವರ 'ಪಥೇರ್ ಪಾಂಚಾಲಿ' ನೋಡಿರಬಹುದು; ರೈಲು ನೋಡಲು ಓಡುವ ಅಕ್ಕ ತಮ್ಮ, ಬಡತನ, ಮಳೆ, ಸಾವು. ಅದನ್ನು ಮಾಡಿದವರೇ ಇದನ್ನೂ ಮಾಡಿದ್ದು ಅಂದರೆ ಹೊರದೇಶದಲ್ಲಿ ಎಷ್ಟೋ ಜನ ನಂಬುವುದಿಲ್ಲ. ಪಶ್ಚಿಮದ ವಿಮರ್ಶಕರಿಗೆ ರಾಯ್ ಅಂದರೆ ಗಂಭೀರ, ಮೌನ, ಕಣ್ಣೀರು. ಬಂಗಾಳದ ಯಾವ ಮಗುವನ್ನಾದರೂ ಕೇಳಿ, ರಾಯ್ ಅಂದರೆ ಗೂಪಿ ಬಾಘಾ ಮತ್ತು ಪತ್ತೇದಾರ ಫೆಲೂದಾ.

ಕಥೆ ಚಿಕ್ಕದು. ಆಮ್ಲಕಿ ಅನ್ನುವ ಹಳ್ಳಿಯ ಗೂಪಿಗೆ ಹಾಡುವ ಹುಚ್ಚು, ಆದರೆ ಸ್ವರ ಅವನ ಹತ್ತಿರ ಸುಳಿಯುವುದಿಲ್ಲ. ಊರಿನ ಹಿರಿಯರು ತಮಾಷೆ ನೋಡೋಣ ಅಂತ, "ಬೆಳಗಿನ ಜಾವ ಅರಮನೆ ಪಕ್ಕ ಕೂತು ಹಾಡು, ರಾಜ ಮೆಚ್ಚುತ್ತಾನೆ" ಎಂದು ಹುರಿದುಂಬಿಸುತ್ತಾರೆ. ನಿದ್ದೆ ಕೆಟ್ಟ ರಾಜ ಅವನ ತಂಬೂರಿ ಮುರಿದು, ಕತ್ತೆ ಮೇಲೆ ಕೂರಿಸಿ, ಊರು ಬಿಡಿಸುತ್ತಾನೆ. ಹರ್ತುಕಿ ಅನ್ನುವ ಇನ್ನೊಂದು ಹಳ್ಳಿಯಿಂದ ಬಾಘಾನನ್ನೂ ಅವನ ಡೋಲಿನ ಕಾಟ ತಾಳಲಾರದೆ ಓಡಿಸಿರುತ್ತಾರೆ. ಆಮ್ಲಕಿ ಅಂದರೆ ನೆಲ್ಲಿಕಾಯಿ, ಹರ್ತುಕಿ ಅಂದರೆ ಅಳಲೆಕಾಯಿ. ಜೊತೆಗೆ ತಾರೆಕಾಯಿ ಊರಿನವನೊಬ್ಬ ಸಿಕ್ಕಿದ್ದರೆ ತ್ರಿಫಲ ಚೂರ್ಣವೇ ಆಗುತ್ತಿತ್ತು! ಇಬ್ಬರೂ ಕಾಡಿನಲ್ಲಿ ಭೇಟಿಯಾಗುತ್ತಾರೆ, ಹುಲಿಯೊಂದು ಬಂದು ಹೋಗುತ್ತದೆ, ಬದುಕಿದ ಖುಷಿಗೆ ಹಾಡಿ ಬಾರಿಸುತ್ತಾರೆ. ಆ ಸದ್ದಿಗೆ ದೆವ್ವಗಳು ಏಳುತ್ತವೆ. ಮನುಷ್ಯರು ಊರು ಬಿಡಿಸಿದ ಸಂಗೀತವನ್ನು ದೆವ್ವಗಳು ಮೆಚ್ಚುತ್ತವೆ ಅನ್ನೋದು ನೋಡಿ.

ದೆವ್ವಗಳ ರಾಜ ಮೂರು ವರ ಕೊಡುತ್ತಾನೆ. ಬೇಕಾದ ಊಟ, ಬೇಕಾದ ಬಟ್ಟೆ. ಬೇಕಾದಲ್ಲಿಗೆ ಹೋಗುವ ಜೋಡುಗಳು. ಮತ್ತೆ, ಹಾಡಿ ಬಾರಿಸಿದರೆ ಕೇಳಿದವರು ಇದ್ದಲ್ಲೇ ಕಲ್ಲಾಗಿ ನಿಂತುಬಿಡುವ ಸಂಗೀತ. ಒಂದೇ ಷರತ್ತು: ಇಬ್ಬರೂ ಸೇರಿ, ಒಬ್ಬರ ಕೈಗೆ ಇನ್ನೊಬ್ಬರು ಚಪ್ಪಾಳೆ ತಟ್ಟಬೇಕು. ಒಬ್ಬನಿಂದ ಆಗದು.

ಇಲ್ಲಿ ಕುವೆಂಪು ಅವರ ಕಿಂದರಿಜೋಗಿ ನೆನಪಾದರೆ ಆಶ್ಚರ್ಯವಿಲ್ಲ. ಬೊಮ್ಮನಹಳ್ಳಿಯಲ್ಲಿ ಜೋಗಿಯ ನಾದಕ್ಕೆ ಇಲಿಗಳೂ ಮಕ್ಕಳೂ ಹಿಂದೆ ಹಿಂದೆ ಹೋಗುತ್ತಾರೆ. ಅವನ ಸಂಗೀತ ಎಳೆದುಕೊಂಡು ಹೋಗುವ ಸಂಗೀತ. ಗೂಪಿಯದು ನಿಲ್ಲಿಸುವ ಸಂಗೀತ. ಜೋಗಿ ಮಾತು ತಪ್ಪಿದವರ ಮೇಲೆ ಸೇಡು ತೀರಿಸಿಕೊಳ್ಳುತ್ತಾನೆ. ಗೂಪಿಗೆ ಸೇಡು ಗೊತ್ತೇ ಇಲ್ಲ. ಅವನು ಮುಂದೆ ನಿಲ್ಲಿಸುವುದು ಒಂದು ಯುದ್ಧವನ್ನು.

ಈಗ ಸ್ವಲ್ಪ ಹಿಂದಕ್ಕೆ ಹೋಗೋಣ. ಈ ಕಥೆ ರಾಯ್ ಬರೆದದ್ದಲ್ಲ, ಅವರ ತಾತ ಉಪೇಂದ್ರಕಿಶೋರ್ ರಾಯ್ ಚೌಧುರಿ ಬರೆದದ್ದು. ತಾತ ಸಾಮಾನ್ಯದವರಲ್ಲ. ಕಲ್ಕತ್ತೆಯಲ್ಲಿ ಮುದ್ರಣಾಲಯ ಇಟ್ಟಿದ್ದರು. ಫೋಟೋಗಳನ್ನು ಚುಕ್ಕೆ ಚುಕ್ಕೆಯಾಗಿ ಒಡೆದು ಅಚ್ಚು ಹಾಕುವ ಹಾಫ್‌ಟೋನ್ ತಂತ್ರದಲ್ಲಿ ಅವರ ಪ್ರಯೋಗಗಳ ಲೇಖನಗಳು ಇಂಗ್ಲೆಂಡಿನ ಮುದ್ರಣ ಪತ್ರಿಕೆಯಲ್ಲಿ ಪ್ರಕಟವಾಗುತ್ತಿದ್ದವು. ಪಿಟೀಲು ನುಡಿಸುತ್ತಿದ್ದರು, ಪಖಾವಾಜ್ ಬಾರಿಸುತ್ತಿದ್ದರು, ಚಿತ್ರ ಬರೆಯುತ್ತಿದ್ದರು. 1913ರಲ್ಲಿ ಮಕ್ಕಳಿಗಾಗಿ 'ಸಂದೇಶ್' ಎಂಬ ಮಾಸಪತ್ರಿಕೆ ಶುರು ಮಾಡಿದರು. ಸಂದೇಶ ಅಂದರೆ ಸುದ್ದಿಯೂ ಹೌದು, ಬಂಗಾಳದ ಪ್ರಸಿದ್ಧ ಸಿಹಿತಿಂಡಿಯೂ ಹೌದು. ಗೂಪಿ ಬಾಘಾ ಕಥೆ ಬಂದದ್ದು ಆ ಪತ್ರಿಕೆಯಲ್ಲಿ, 1915ರಲ್ಲಿ. ಅದೇ ವರ್ಷದ ಡಿಸೆಂಬರಿನಲ್ಲಿ ಉಪೇಂದ್ರಕಿಶೋರ್ ತೀರಿಕೊಂಡರು.

ಪತ್ರಿಕೆಯನ್ನು ಮಗ ಸುಕುಮಾರ್ ರಾಯ್ ವಹಿಸಿಕೊಂಡರು. ಅಸಂಬದ್ಧ ಪದ್ಯಗಳ ರಾಜ ಆತ. ಬಂಗಾಳಿ ಮನೆಗಳಲ್ಲಿ ಇವತ್ತಿಗೂ ಮಕ್ಕಳು ಬಾಯಿಪಾಠ ಹೇಳುವ 'ಆಬೋಲ್ ತಾಬೋಲ್' ಅವರದು. ಆದರೆ 1923ರಲ್ಲಿ, ಇನ್ನೂ 35 ವರ್ಷಕ್ಕೇ, ಕಾಲಾ ಆಜಾರ್ ಜ್ವರ ಅವರನ್ನು ತೆಗೆದುಕೊಂಡು ಹೋಯಿತು. ಆಗ ಅವರ ಒಬ್ಬನೇ ಮಗ ಸತ್ಯಜಿತ್‌ಗೆ ಎರಡು ವರ್ಷ ದಾಟಿತ್ತು ಅಷ್ಟೆ. ಆಮೇಲೆ ಮುದ್ರಣಾಲಯ ಸಾಲದಲ್ಲಿ ಮುಳುಗಿತು, ಮನೆ ಹೋಯಿತು, ತಾಯಿ ಮಗನನ್ನು ಕರೆದುಕೊಂಡು ತಮ್ಮನ ಮನೆ ಸೇರಿದರು. ಪತ್ರಿಕೆಯೂ ನಿಂತಿತು.

ಅಂದರೆ ಸತ್ಯಜಿತ್ ತಾತನನ್ನು ನೋಡಿಯೇ ಇಲ್ಲ. ತಂದೆಯ ನೆನಪು ಇದ್ದರೂ ತುಣುಕು. ಇಬ್ಬರೂ ಅವರಿಗೆ ಸಿಕ್ಕಿದ್ದು ಹಳೆಯ ಪತ್ರಿಕೆಯ ಹಾಳೆಗಳಲ್ಲಿ. ನಮ್ಮಲ್ಲಿ ಎಷ್ಟೋ ಜನಕ್ಕೆ ಅಜ್ಜ ಅಜ್ಜಿ ವಾಟ್ಸಾಪಿನಲ್ಲಿ ದಿನಾ ಸಿಗುತ್ತಾರೆ, ಆದರೆ ಅವರ ಭಾಷೆ ಸಿಗುವುದಿಲ್ಲ. ರಾಯ್ ಅವರದು ಇದರ ತಿರುಗುಮುರುಗು: ಮನುಷ್ಯರು ಹೋಗಿದ್ದರು, ಅವರ ಭಾಷೆ ಅಚ್ಚಿನಲ್ಲಿ ಉಳಿದಿತ್ತು. 1961ರಲ್ಲಿ, ಅಷ್ಟೊತ್ತಿಗೆ ಜಗತ್ಪ್ರಸಿದ್ಧರಾಗಿದ್ದ ರಾಯ್, ಕವಿ ಮಿತ್ರ ಸುಭಾಷ್ ಮುಖೋಪಾಧ್ಯಾಯರ ಜೊತೆ ಸೇರಿ 'ಸಂದೇಶ್' ಅನ್ನು ಮತ್ತೆ ಶುರು ಮಾಡಿದರು. ಫೆಲೂದಾ ಕಥೆಗಳು ಹುಟ್ಟಿದ್ದೇ ಆ ಪತ್ರಿಕೆಯ ಪುಟ ತುಂಬಿಸಲು.

ಸಿನಿಮಾಕ್ಕೆ ಕಾರಣ ಮನೆಯೊಳಗೇ ಇತ್ತು. "ನೀನು ಮಾಡೋದೆಲ್ಲ ದೊಡ್ಡವರ ಸಿನಿಮಾ, ನಮಗೆ ಒಂದೂ ಇಲ್ಲ" ಅನ್ನುವ ಅರ್ಥದಲ್ಲಿ ಮಗ ಸಂದೀಪ್ ತಕರಾರು ತೆಗೆದಿದ್ದ. ತಾತನ ಕಥೆ, ಮೊಮ್ಮಗನ ಕೈಯಿಂದ, ಮರಿಮಗನಿಗಾಗಿ. ಹೇಳುವುದಕ್ಕೆ ಚೆಂದ. ಆದರೆ ದುಡ್ಡು? ರಾಜರು, ಸೈನ್ಯ, ಒಂಟೆಗಳು, ಮಾಯ ಮಂತ್ರ ಎಲ್ಲ ಇರುವ ಚಿತ್ರಕ್ಕೆ ಬಂಗಾಳಿ ಚಿತ್ರರಂಗದಲ್ಲಿ ಬಂಡವಾಳ ಹಾಕುವವರು ಸಿಗುವುದು ಕಷ್ಟವಾಯಿತು. ಕೊನೆಗೆ ಪೂರ್ಣಿಮಾ ಪಿಕ್ಚರ್ಸ್ ಒಪ್ಪಿತು. ಬಣ್ಣದಲ್ಲಿ ತೆಗೆಯಬೇಕೆಂಬ ಆಸೆ ಮಾತ್ರ ಈಡೇರಲಿಲ್ಲ. ಇಡೀ ಚಿತ್ರ ಕಪ್ಪು ಬಿಳುಪು. ಕಟ್ಟಕಡೆಯಲ್ಲಿ ಗೂಪಿ ಬಾಘಾ ಮದುವೆ ಉಡುಪಿನಲ್ಲಿ ರಾಜಕುಮಾರಿಯರ ಎದುರು ನಿಂತಾಗ ಮಾತ್ರ ಫಕ್ಕನೆ ಬಣ್ಣ ಬರುತ್ತದೆ. ಆ ಕ್ಷಣಕ್ಕೆ ನಮ್ಮ ಮನೆಯಲ್ಲಿ "ಓ!" ಅಂತ ಒಂದು ಉದ್ಗಾರ ಬಂತು. ಬಂದದ್ದು ಮಗಳಿಂದ ಅಲ್ಲ, ಅಮ್ಮನಿಂದ.

ಗೂಪಿಯಾಗಿ ತಪೇನ್ ಚಟರ್ಜಿ, ಬಾಘಾ ಆಗಿ ರಬಿ ಘೋಷ್. ಒಬ್ಬ ಎತ್ತರದ ಪೆದ್ದು, ಇನ್ನೊಬ್ಬ ಕುಳ್ಳ ಚುರುಕು. ಗೂಪಿಯ ಹಾಡುಗಳನ್ನು ಹಾಡಿದ್ದು ಅನೂಪ್ ಘೋಷಾಲ್. ಸಾಹಿತ್ಯ, ಸಂಗೀತ, ವಸ್ತ್ರವಿನ್ಯಾಸ ರಾಯ್ ಅವರದೇ. ದೆವ್ವಗಳ ರಾಜ ಪ್ರಾಸಬದ್ಧವಾಗಿ, ಕೀರಲು ಧ್ವನಿಯಲ್ಲಿ ಮಾತಾಡುತ್ತಾನಲ್ಲ, ಅದು ಸಹ ರಾಯ್ ಧ್ವನಿಯೇ, ವೇಗ ಬದಲಿಸಿ ಮುದ್ರಿಸಿದ್ದು. ಆರೂಕಾಲು ಅಡಿ ಎತ್ತರದ, ಗಡಸು ಕಂಠದ ಮನುಷ್ಯ ಆ ಸಣ್ಣ ಧ್ವನಿಯ ಹಿಂದೆ ಕೂತಿದ್ದಾರೆ ಎಂದು ನೆನೆಸಿಕೊಂಡರೆ ನನಗೆ ಈಗಲೂ ನಗು ಬರುತ್ತದೆ.

ಈಗ ಆ ಕುಣಿತಕ್ಕೆ ಬರೋಣ. ಬಂಗಾಳಿಯಲ್ಲಿ ಇವಕ್ಕೆ 'ಭೂತ್' ಅನ್ನುತ್ತಾರೆ. ನಮ್ಮ ಕರಾವಳಿಯವರು ಇದನ್ನು ಓದುತ್ತಿದ್ದರೆ ತಪ್ಪು ತಿಳಿಯಬೇಡಿ. ನಿಮ್ಮ ಭೂತ ಕಾಯುವ ದೈವ, ಇವು ಸತ್ತ ಮೇಲೂ ಜಗಳ ಬಿಡದ ಮನುಷ್ಯರು. ತಾತನ ಕಥೆಯಲ್ಲಿ ದೆವ್ವಗಳು ಬಂದು ಕುಣಿದವು ಅಂತ ಇದೆಯೇ ಹೊರತು ಹೇಗೆ ಕುಣಿದವು, ಯಾರವು ಅಂತ ವಿವರವಿಲ್ಲ. ರಾಯ್ ಯೋಚಿಸಿದ್ದು ಹೀಗೆ: ದೆವ್ವ ಆಗಬೇಕಾದರೆ ಮೊದಲು ಮನುಷ್ಯ ಆಗಿರಬೇಕಲ್ಲ? ಹಾಗಾದರೆ ಬಂಗಾಳದ ನೆಲದಲ್ಲಿ ಯಾರ್ಯಾರು ಸತ್ತಿದ್ದಾರೆ? ರಾಜರು, ಯೋಧರು. ರೈತರು, ಬಡವರು. ಈಸ್ಟ್ ಇಂಡಿಯಾ ಕಂಪನಿಯ ಕಾಲದಿಂದ ಬಂದು ಇಲ್ಲೇ ಮಣ್ಣಾದ ಬಿಳಿಯ ಸಾಹೇಬರು. ಮತ್ತೆ ಬನಿಯಾ, ಪುರೋಹಿತ, ಪಾದ್ರಿ ಹೀಗೆ ಹೊಟ್ಟೆ ಬೆಳೆದವರು. ಒಟ್ಟು ನಾಲ್ಕು ಗುಂಪು. ವರ್ಣಗಳೂ ನಾಲ್ಕು ಅನ್ನೋದು ನಿಮಗೆ ಹೊಳೆದಿರಬಹುದು.

ನಾಲ್ಕು ಗುಂಪಿಗೆ ನಾಲ್ಕು ನಡೆ ಬೇಕು. ರಾಯ್ ಇಲ್ಲಿ ರಾಗವನ್ನೇ ಕೈಬಿಟ್ಟರು. ದೆವ್ವಕ್ಕೆ ಹಾಡು ಬೇಡ, ಬರೀ ಲಯ ಸಾಕು. ಬಂಗಾಳದಲ್ಲೇ ತಬಲಾ, ಢಾಕ್, ಖೋಲ್ ಎಲ್ಲ ಇದ್ದವು. ಆದರೂ ಅವರು ಕೈಹಾಕಿದ್ದು ದಕ್ಷಿಣದ ತಾಳವಾದ್ಯ ಕಚೇರಿಗೆ. ರಾಜರಿಗೆ ಮೃದಂಗ, ಅದು ಶಾಸ್ತ್ರೀಯ, ಗಂಭೀರ. ರೈತರಿಗೆ ಖಂಜಿರ, ಅರ್ಧ ಜಾನಪದದ ವಾದ್ಯ. ಸಾಹೇಬರಿಗೆ ಘಟ, ಅದರ ಬಿಗಿಯಾದ, ಗಡುಸು ಟಣ್ ಟಣ್ ಸದ್ದು ಅವರ ಸೆಟೆದ ನಡಿಗೆಗೆ ಹೊಂದುತ್ತದೆ. ಹೊಟ್ಟೆಯವರಿಗೆ ಮೋರ್ಸಿಂಗ್, ಅದರ ಬೊಂಯ್ ಬೊಂಯ್ ಕೇಳಿದರೇ ನಗು ಬರಬೇಕು.

ಶನಿವಾರದ ಮೃದಂಗದ ಕ್ಲಾಸಿಗೆ ಹೋಗುವ ಮಕ್ಕಳು ನಿಮ್ಮ ಮನೆಯಲ್ಲಿದ್ದರೆ ಈ ನಾಲ್ಕೂ ಅವರಿಗೆ ಗೊತ್ತು. ಕಚೇರಿಯಲ್ಲಿ ತನಿ ಆವರ್ತನ ಬಂದಾಗ ದೊಡ್ಡವರು ಕಾಫಿಗೆ ಏಳುತ್ತಾರಲ್ಲ, ಆ ಹೊತ್ತಿನಲ್ಲಿ ವೇದಿಕೆ ಮೇಲೆ ಮಾತಾಡಿಕೊಳ್ಳುವ ವಾದ್ಯಗಳು ಇವೇ. ಬೆಂಗಳೂರಿನಲ್ಲಿ ಬೆಳೆದವರಿಗೆ ಮೋರ್ಸಿಂಗ್ ಅಂದ ಕೂಡಲೇ ಭೀಮಾಚಾರ್, ಘಟ ಅಂದರೆ ಸುಕನ್ಯಾ ರಾಮಗೋಪಾಲ್ ನೆನಪಾಗುತ್ತಾರೆ. ಪಕ್ಕವಾದ್ಯ ಅಂತ ಪಕ್ಕಕ್ಕೇ ಕೂರಿಸಿಬಿಡುವ ಈ ವಾದ್ಯಗಳಿಗೆ ರಾಯ್ ಒಂದೊಂದು ವರ್ಗವನ್ನು, ಒಂದೊಂದು ಸ್ವಭಾವವನ್ನು ಕೊಟ್ಟರು. ತನಿಯ ಸಮಯದಲ್ಲಿ ಎದ್ದುಹೋಗುವವರಿಗೆ ಈ ಆರೂವರೆ ನಿಮಿಷ ತೋರಿಸಬೇಕು ಅಂತ ನನಗೆ ಅನ್ನಿಸುತ್ತೆ.

ಕಣ್ಣು ಮುಚ್ಚಿ ಕೇಳಿ ನೋಡಿ. ಮೊದಲು ಒಂದೊಂದು ಗುಂಪು ಒಂದೊಂದು ವಾದ್ಯಕ್ಕೆ ಪ್ರತ್ಯೇಕವಾಗಿ ಬರುತ್ತದೆ, ನಿಧಾನ. ಆಮೇಲೆ ಕಾಲ ಏರುತ್ತದೆ. ಪ್ರತಿ ಗುಂಪು ತನ್ನೊಳಗೇ ಹೊಡೆದಾಡಲು ಶುರು ಮಾಡುತ್ತದೆ: ರಾಜನ ವಿರುದ್ಧ ರಾಜ, ಸಾಹೇಬನ ವಿರುದ್ಧ ಸಾಹೇಬ. ಗಮನಿಸಿ, ರೈತ ಸಾಹೇಬನನ್ನು ಹೊಡೆಯುವುದಿಲ್ಲ. ಜಗಳವೆಲ್ಲ ತಮ್ಮ ತಮ್ಮಲ್ಲೇ. ಎಲ್ಲರೂ ಬೀಳುತ್ತಾರೆ, ಮತ್ತೆ ಏಳುತ್ತಾರೆ (ದೆವ್ವಕ್ಕೆ ಎರಡನೇ ಸಾವು ಇಲ್ಲವಲ್ಲ), ಕೊನೆಗೆ ನಾಲ್ಕೂ ಗುಂಪು ತೆರೆಯ ಮೇಲೆ ಒಂದರ ಮೇಲೊಂದು ನಾಲ್ಕು ಸಾಲಾಗಿ ನಿಂತು ಒಂದೇ ಲಯಕ್ಕೆ ಕುಣಿಯುತ್ತವೆ. ಬದುಕಿದ್ದಾಗ ಸಾಧ್ಯವಾಗದ್ದು. ಸಾಲಿನಲ್ಲಿ ಮೇಲೆ ಯಾರು, ಕೆಳಗೆ ಯಾರು ಅಂತ ನೋಡಿ, ಅದರ ಬಗ್ಗೆ ಮನೆಯಲ್ಲಿ ಒಂದು ಜಗಳ ಮಾಡಬಹುದು; ನಾವು ಮಾಡಿದೆವು.

ಕುಣಿತದ ಸಂಯೋಜನೆ ಶಂಭುನಾಥ್ ಭಟ್ಟಾಚಾರ್ಯ ಅವರದು. ಮುಖಕ್ಕೆ ಬಣ್ಣ, ಕೆಲವೆಡೆ ನೆಗೆಟಿವ್ ಚಿತ್ರ, ಅಲುಗುವ ಬೆಳಕು, ಇಷ್ಟರಲ್ಲೇ ಕೆಲಸ ಮುಗಿದಿದೆ. ಇವತ್ತಿನ ಕಂಪ್ಯೂಟರ್ ಕಣ್ಣಿಗೆ ಅದು ಬಡ ತಂತ್ರ. ಆದರೆ ನನ್ನ ಮಗಳು ಹತ್ತಿರ ಸರಿದು ಕೂತಳು ಅನ್ನೋದು ನಿಜ.

ವರ ಸಿಕ್ಕ ಮೇಲೆ ಇಬ್ಬರೂ ಶುಂಡಿ ರಾಜ್ಯದ ಸಂಗೀತ ಸ್ಪರ್ಧೆಗೆ ಹೊರಡುತ್ತಾರೆ. ಜೋಡು ಹಾಕಿಕೊಂಡು, ಊರಿನ ಹೆಸರು ಹೇಳಿ, ಚಪ್ಪಾಳೆ ತಟ್ಟಬೇಕು. ಹೆಸರು ಮರೆತುಹೋಗಿದೆ. 'ಝುಂಡಿ' ಅಂತಾರೆ, ಹಿಮದ ಬೆಟ್ಟದ ಮೇಲೆ ಬೀಳುತ್ತಾರೆ. 'ಹುಂಡಿ' ಅಂತಾರೆ, ಮರಳುಗಾಡು. ಒಂದೇ ಒಂದು ಅಕ್ಷರ ತಪ್ಪಿದ್ದಕ್ಕೆ ಒಮ್ಮೆ ನಡುಗಿ, ಒಮ್ಮೆ ಬೆವರಿ, ಕೊನೆಗೆ ಸರಿಯಾದ ಊರು ಸೇರುತ್ತಾರೆ. ಹಾಲು, ಹಾಳು, ಬೇಳೆ, ಬೆಲೆ, ಹಲ್ಲಿ, ಹಳ್ಳಿ ಅಂತ ನಾಲಿಗೆ ತಿರುಗಿಸಿ ಸುಸ್ತಾದ ಕನ್ನಡ ಕಲಿಕೆಯ ಮಕ್ಕಳಿಗೆ ಈ ದೃಶ್ಯದ ಕಷ್ಟ ಯಾರೂ ವಿವರಿಸಬೇಕಿಲ್ಲ.

ಶುಂಡಿಯ ಆಸ್ಥಾನದಲ್ಲಿ ದೊಡ್ಡ ದೊಡ್ಡ ಉಸ್ತಾದರು ಹಾಡುತ್ತಾರೆ, ರಾಜ ತೂಕಡಿಸುತ್ತಾನೆ. (ಈ ಭಾಗ ಎಳೆದಿದ್ದಾರೆ ಅಂತಲೇ ನನ್ನ ಅಭಿಪ್ರಾಯ. ನಾವೂ ತೂಕಡಿಸಿದೆವು.) ಆಮೇಲೆ ಗೂಪಿ ಎದ್ದು ಹಾಡುತ್ತಾನೆ, ಇಡೀ ಸಭೆ ಕಲ್ಲಾಗುತ್ತದೆ. ಆ ಹಾಡಿನ ಅರ್ಥ ನಾನು ಆಮೇಲೆ ಮಗಳಿಗೆ ಹೇಳಿದೆ: ನಾವು ಬಂಗಾಳದಿಂದ ಬಂದವರು, ಸಾದಾ ಮಣ್ಣಿನ ಮನುಷ್ಯರು, ನಮ್ಮ ಭಾಷೆ ಬಿಟ್ಟು ಬೇರೆ ಭಾಷೆ ನಮಗೆ ಬರುವುದಿಲ್ಲ, ಆದರೆ ಹಾಡು ಬರುತ್ತದೆ, ಅದು ಎಲ್ಲರಿಗೂ ತಿಳಿಯುತ್ತದೆ. ಅಷ್ಟೇ. ಪರದೇಶದ ರಾಜನೆದುರು ನಿಂತು, ನಾಚಿಕೆಯಿಲ್ಲದೆ, ನನಗೆ ನಿಮ್ಮ ಭಾಷೆ ಬರಲ್ಲ ಅಂತ ಹೇಳಿಕೊಳ್ಳುವ ಹಾಡು.

ಮಗಳು ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದಳು: "ಅಮ್ಮಾ, ಅವನಿಗೆ ಅವನ ಲ್ಯಾಂಗ್ವೇಜ್ ಒಂದೇ ಬರತ್ತೆ. ನಂಗೆ ನನ್ನ ಲ್ಯಾಂಗ್ವೇಜ್ ಯಾವ್ದು?" ಹಿಮ ಬೀಳುವ ದಿನ ಎಂಟು ವರ್ಷದವಳು ಇಂಥ ಪ್ರಶ್ನೆ ಕೇಳಿದರೆ ಏನು ಹೇಳೋದು? ನಾನು "ನೀನು ಈಗ ಕೇಳಿದ್ದು ಯಾವುದರಲ್ಲಿ?" ಅಂದೆ. ಅವಳು ಲೆಕ್ಕ ಹಾಕಿ, "ಹಾಫ್ ಹಾಫ್" ಅಂದಳು.

ಶುಂಡಿಯಲ್ಲಿ ಇನ್ನೂ ಒಂದು ವಿಚಿತ್ರ ಇದೆ. ಅಲ್ಲಿನ ಪ್ರಜೆಗಳು ಮೂಕರು. ಯಾವುದೋ ರೋಗ ಬಂದು ಇಡೀ ಊರಿನ ಮಾತು ಹೋಗಿದೆ. ಆದರೂ ಅದು ಸುಖದ ಊರು: ಹೊಲ ಹಸಿರು, ಸೈನ್ಯವಿಲ್ಲ, ಕತ್ತಿಯಿಲ್ಲ. ಪಕ್ಕದ ಹಲ್ಲಾ ರಾಜ್ಯದಲ್ಲಿ ಮಾತಿದೆ, ಸೈನ್ಯವಿದೆ, ಅನ್ನವಿಲ್ಲ. ಹಲ್ಲಾದ ರಾಜ ಒಳ್ಳೆಯವನೇ, ಶುಂಡಿ ರಾಜನ ಸ್ವಂತ ಅಣ್ಣತಮ್ಮ. ಆದರೆ ಮಂತ್ರಿ ಅವನಿಗೆ ಮಾಂತ್ರಿಕನ ಮದ್ದು ಕುಡಿಸಿ ಕುಡಿಸಿ ಯುದ್ಧದ ಹುಚ್ಚು ಹಿಡಿಸಿದ್ದಾನೆ. ಎರಡೂ ರಾಜರ ಪಾತ್ರದಲ್ಲಿ ಸಂತೋಷ್ ದತ್ತ ಒಬ್ಬರೇ. ಒಂದರಲ್ಲಿ ಬೆಣ್ಣೆಯಂಥ ಮನುಷ್ಯ, ಇನ್ನೊಂದರಲ್ಲಿ ಗರ್ಜಿಸುವ ಗೊಂಬೆ. ಮಂತ್ರಿ ಜಹರ್ ರಾಯ್ ಸದಾ ತಿನ್ನುತ್ತಿರುತ್ತಾನೆ, ಎದುರಿಗೆ ನಿಂತ ಬಡಕಲು ಗೂಢಚಾರ ಅವನ ತಟ್ಟೆಯನ್ನೇ ನೋಡುತ್ತಿರುತ್ತಾನೆ. ಮಾಂತ್ರಿಕ ಬರ್ಫಿಯಾಗಿ ಬಂದವರು ಹರೀಂದ್ರನಾಥ್ ಚಟ್ಟೋಪಾಧ್ಯಾಯ, ಸರೋಜಿನಿ ನಾಯ್ಡು ಅವರ ತಮ್ಮ.

ಚಿತ್ರ ತೆರೆಕಂಡದ್ದು 1969ರ ಮೇ 8ರಂದು. ಅದಕ್ಕೆ ಮೊದಲಿನ ಏಳೆಂಟು ವರ್ಷಗಳನ್ನು ನೆನೆಸಿಕೊಳ್ಳಿ. 1962ರಲ್ಲಿ ಚೀನಾ ಯುದ್ಧ, 1965ರಲ್ಲಿ ಪಾಕಿಸ್ತಾನದ ಜೊತೆ ಯುದ್ಧ. ಬರ, ರೇಷನ್ ಕ್ಯೂ, ಹಡಗಿನಲ್ಲಿ ಬರುತ್ತಿದ್ದ ಅಮೆರಿಕದ ಗೋಧಿ. 1966ರಲ್ಲಿ ಬಂಗಾಳದ ಬೀದಿಗಳಲ್ಲಿ ಅಕ್ಕಿ, ಸೀಮೆಎಣ್ಣೆಗಾಗಿ ಚಳವಳಿ ನಡೆದು ಗೋಲಿಬಾರಾಗಿತ್ತು. 1967ರಲ್ಲಿ ನಕ್ಸಲ್‌ಬಾರಿ. ಆ ಹೊತ್ತಿನಲ್ಲಿ ಥಿಯೇಟರಿನಲ್ಲಿ ಕೂತ ಮಗುವಿಗೆ ಹಲ್ಲಾದ ಹಸಿದ ಸೈನಿಕರು ಕಾಲ್ಪನಿಕ ಅನ್ನಿಸಿರಲಿಕ್ಕಿಲ್ಲ. ಪಕ್ಕದಲ್ಲಿ ಕೂತ ಅಪ್ಪನಿಗಂತೂ ಅಲ್ಲವೇ ಅಲ್ಲ.

ಯುದ್ಧದ ದೃಶ್ಯ ತೆಗೆದದ್ದು ರಾಜಸ್ಥಾನದ ಜೈಸಲ್ಮೇರಿನಲ್ಲಿ, ಸಾವಿರದ ಆಸುಪಾಸಿನ ಒಂಟೆಗಳೊಂದಿಗೆ. ಸವಾರರು ಸೊರಗಿ ಒಂಟೆ ಮೇಲೆ ಕೂತಿದ್ದಾರೆ, ಮಂತ್ರಿ ಕೂಗುತ್ತಾನೆ, ಸೈನ್ಯ ಅಲುಗಾಡುವುದಿಲ್ಲ. ಅಷ್ಟರಲ್ಲಿ ಸೆರೆಮನೆಯಿಂದ ತಪ್ಪಿಸಿಕೊಂಡ ಗೂಪಿ ಬಾಘಾ ಬರುತ್ತಾರೆ. (ತಪ್ಪಿಸಿಕೊಂಡದ್ದೂ ಊಟದ ಬಲದಿಂದಲೇ: ಚಪ್ಪಾಳೆ ತಟ್ಟಿ ಭಾರೀ ಭೋಜನ ತರಿಸಿ, ಹಸಿದ ಕಾವಲುಗಾರನಿಗೆ ಆಸೆ ತೋರಿಸಿ ಬಾಗಿಲು ತೆಗೆಸುತ್ತಾರೆ.) ಗೂಪಿ ಹಾಡಿನಲ್ಲಿ ಸೈನಿಕರನ್ನೇ ಕೇಳುತ್ತಾನೆ, ಕತ್ತಿ ಹಿಡಿದು ಸತ್ತರೆ ನಿಮಗೆ ಸಿಗೋದೇನು ಅಂತ. ಎಲ್ಲರೂ ಇದ್ದಲ್ಲೇ ನಿಲ್ಲುತ್ತಾರೆ. ಆಮೇಲೆ ಆಕಾಶದಿಂದ ಮಡಕೆ ಮಡಕೆ ಸಿಹಿತಿಂಡಿ ಇಳಿಯುತ್ತದೆ. ಸಾಲು ಸಾಲಾಗಿ, ಮೆತ್ತಗೆ. ಆಯುಧ ಬಿಸಾಕಿ ಓಡುತ್ತಾರೆ ಸೈನಿಕರು, ಮಡಕೆಗೆ ಕೈ ಹಾಕಿ ಗಬಗಬ ತಿನ್ನುತ್ತಾರೆ.

ಇಲ್ಲಿ ಸಂಗೀತ ಯುದ್ಧವನ್ನು ಗೆದ್ದಿತು ಅಂತ ಹೇಳಿಬಿಡುವುದು ಸುಲಭ, ಎಷ್ಟೋ ಜನ ಹಾಗೇ ಬರೆದಿದ್ದಾರೆ. ನಾನು ಒಪ್ಪುವುದಿಲ್ಲ. ಹಾಡು ನಿಲ್ಲಿಸುತ್ತದೆ, ಅಷ್ಟೇ; ಹಾಡು ಮುಗಿದರೆ ಕೈಕಾಲು ಮತ್ತೆ ಆಡುತ್ತವೆ. ಯುದ್ಧವನ್ನು ಮುಗಿಸಿದ್ದು ಊಟ. ಹಸಿವು ಗೊತ್ತಿದ್ದ ಊರಿನಲ್ಲಿ ಸಿನಿಮಾ ಮಾಡಿದವರಿಗೆ ಈ ವ್ಯತ್ಯಾಸ ಚೆನ್ನಾಗಿ ಗೊತ್ತಿತ್ತು. ವರ ಕೇಳುವಾಗಲೂ ಈ ಇಬ್ಬರು ಮೊದಲು ಕೇಳಿದ್ದು ಅನ್ನ, ಬಟ್ಟೆ, ಸಂಗೀತ ಮೂರನೆಯದು.

ಕಡೆಗೆ ಅಣ್ಣತಮ್ಮಂದಿರು ಒಂದಾಗುತ್ತಾರೆ, ಶುಂಡಿಯವರಿಗೆ ಮಾತು ಮರಳುತ್ತದೆ, ಎರಡು ಮದುವೆ. ಈ ಮದುವೆಯೇ ನನಗೆ ಕಿರಿಕಿರಿ. ಎರಡು ಗಂಟೆಯ ಚಿತ್ರದಲ್ಲಿ ಹೆಣ್ಣುಮಕ್ಕಳಿಗೆ ಮಾಡಲು ಏನೂ ಇಲ್ಲ. ರಾಜಕುಮಾರಿಯರು ಬಹುಮಾನದ ಹಾಗೆ ಬಂದು ನಿಲ್ಲುತ್ತಾರೆ, ಅದೂ ಬಣ್ಣದಲ್ಲಿ, ಸೀರೆ ಚೆನ್ನಾಗಿ ಕಾಣಲಿ ಅಂತ. "ಅವ್ರನ್ನ ಯಾರಾದ್ರೂ ಕೇಳಿದ್ರಾ?" ಅಂದಳು ಮಗಳು. ಅಮ್ಮ, "ನಮ್ಮನ್ನೂ ಯಾರೂ ಕೇಳಿರಲಿಲ್ಲ" ಅಂತ ನಕ್ಕು ಎದ್ದು ಕಾಫಿಗೆ ಹೋದರು.

ಚಿತ್ರ ಬರ್ಲಿನ್ ಉತ್ಸವದ ಸ್ಪರ್ಧೆಗೆ ಹೋಯಿತು, ಅಲ್ಲಿ ದೊಡ್ಡ ಸದ್ದಾಗಲಿಲ್ಲ. ಭಾರತದಲ್ಲಿ 1968ರ ಸಾಲಿನ ಅತ್ಯುತ್ತಮ ಚಿತ್ರ, ಅತ್ಯುತ್ತಮ ನಿರ್ದೇಶನ ಎರಡೂ ರಾಷ್ಟ್ರಪ್ರಶಸ್ತಿ ಬಂದವು. ಕಲ್ಕತ್ತೆಯಲ್ಲಿ ವರ್ಷದ ಹತ್ತಿರ ಓಡಿತು. 1980ರಲ್ಲಿ ರಾಯ್ ಎರಡನೇ ಭಾಗ ಮಾಡಿದರು, 'ಹೀರಕ್ ರಾಜಾರ್ ದೇಶೆ', ಈ ಸಲ ಪೂರಾ ಬಣ್ಣದಲ್ಲಿ. ಅಲ್ಲಿ ವಜ್ರದ ಗಣಿಯ ರಾಜ ಶಾಲೆ ಮುಚ್ಚಿಸುತ್ತಾನೆ, ಪುಸ್ತಕ ಸುಡಿಸುತ್ತಾನೆ, ಜನರ ತಲೆ ತೊಳೆಯುವ ಯಂತ್ರ ಇಟ್ಟುಕೊಳ್ಳುತ್ತಾನೆ. ತುರ್ತು ಪರಿಸ್ಥಿತಿ ಮುಗಿದು ಮೂರು ವರ್ಷವಾಗಿತ್ತು. ಯಾರ ಬಗ್ಗೆ ಅಂತ ದೊಡ್ಡವರಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಮೂರನೆಯದನ್ನು ನಿರ್ದೇಶಿಸಿದ್ದು ಸಂದೀಪ್, ಮೊದಲು ತಕರಾರು ತೆಗೆದ ಅದೇ ಹುಡುಗ.

ನೀವು ನೋಡುವುದಾದರೆ ನನ್ನದೊಂದು ಸಲಹೆ. ಮಕ್ಕಳ ಜೊತೆ ನೋಡುತ್ತಿದ್ದರೆ ಸಬ್‌ಟೈಟಲ್ ಆಫ್ ಮಾಡಿ, ಮನೆಯಲ್ಲಿ ಕನ್ನಡ ಚೆನ್ನಾಗಿ ಬರುವವರು ಯಾರಿದ್ದಾರೋ ಅವರು ಕಥೆ ಹೇಳುತ್ತಾ ಹೋಗಲಿ. ಎರಡು ಗಂಟೆ ಕನ್ನಡ ಮಾತಾಡಿದ ಹಾಗಾಗುತ್ತೆ, ಅದೂ ಪಾಠ ಅನ್ನಿಸದೆ. ರಾಜಾ, ಮಂತ್ರೀ, ಭಾಷಾ, ದೇಶ ಅಂತ ಬಂಗಾಳಿಯಲ್ಲೇ ಹತ್ತಾರು ಪದ ನಿಮ್ಮ ಕಿವಿಗೆ ಬೀಳುತ್ತವೆ. ಕಂಡುಹಿಡಿದವರಿಗೆ ಒಂದು ಬರ್ಫಿ ಅಂತ ಪಂದ್ಯ ಕಟ್ಟಿ.

ನಮ್ಮ ಮನೆಯಲ್ಲಿ ಸಿನಿಮಾ ಅವತ್ತೇ ಮುಗಿಯಲಿಲ್ಲ. ಮಾರನೆಯ ದಿನ ಬೆಳಿಗ್ಗೆ ಮಗಳು ಬೂಟು ಹಾಕಿಕೊಂಡು ಅಜ್ಜಿ ಮುಂದೆ ಬಂದು ಎರಡೂ ಅಂಗೈ ಚಾಚಿ ನಿಂತಳು. ಅಜ್ಜ ಇರುವುದು ಹಳೇಬೀಡಿನಲ್ಲಿ. "ಅಜ್ಜೀ, ರೆಡಿನಾ? ಅಜ್ಜನ ಹತ್ರ ಹೋಗೋಣ. ಹಲೇಬೀಡು!" ಅಂದಳು.

ಅಮ್ಮ ಚಪ್ಪಾಳೆಗೆ ಎತ್ತಿದ್ದ ಕೈ ಥಟ್ಟನೆ ಹಿಂದಕ್ಕೆ ಎಳೆದುಕೊಂಡರು. "ಅಯ್ಯೋ, ತಡಿ ತಡಿ! ಹಲೇಬೀಡು ಅಂದ್ರೆ ಎಲ್ಲಿ ಹೋಗಿ ಬೀಳ್ತೀವೋ ಏನೋ. ನಂಗೆ ಈ ಚಳೀನೇ ಸಾಕು. ಎಲ್ಲಿ, ನಾಲಿಗೆ ಹಿಂದಕ್ಕೆ ಮಡಚು, ಇನ್ನೊಂದ್ಸಲ ಹೇಳು. ಹಳೇ..."